ಜ್ವರದಲ್ಲಿ ಕೇಳದ ಕನ್ನಡ

ದಾವಣಗೆರೆಯಿಂದ ದೆಹಲಿಗೆ ಬಂದ ವರ್ಷದ ಮಳೆಗಾಲದಲ್ಲಿ ನನಗೊಮ್ಮೆ ಜ್ವರ ಬಂತು. ಆಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ವರ್ಗವಾಗಿ ಬಂದವರು, ಕ್ವಾರ್ಟರ್ಸ್ ಸಿಗುವ ತನಕ ಎಂದು ಪೀತಮ್‌ಪುರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದರು. ಮಧ್ಯಾಹ್ನದ ಹೊತ್ತು ಅಮ್ಮ ಗಂಜಿಯ ಬಟ್ಟಲು ಹಿಡಿದು ಬಂದು ಮಂಚದ ಅಂಚಿನಲ್ಲಿ ಕುಳಿತು ಏನೋ ಕೇಳಿದಳು. ದನಿ ಕೇಳಿಸಿತು. ಅದು ಅವಳದೇ ದನಿ ಎಂಬುದೂ ಗೊತ್ತಾಯಿತು. ಆದರೆ ಹೇಳಿದ್ದೇನೆಂದು ಒಂದು ಅಕ್ಷರವೂ ತಿಳಿಯಲಿಲ್ಲ.

"ಅಮ್ಮಾ, ಹಿಂದಿ ಬೇಡ. ಕನ್ನಡದಲ್ಲಿ ಹೇಳು," ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಮತ್ತೆ ಏನೋ ಹೇಳಿದಳು, ಈ ಸಲ ಇನ್ನೂ ನಿಧಾನವಾಗಿ. ಅದೂ ಹಾಗೆಯೇ ಇತ್ತು. ಗೋಡೆಯಾಚೆ ಯಾರೋ ಮಾತಾಡಿದರೆ ಏರಿಳಿತ ಕೇಳುತ್ತದೆ, ಪದ ಕೇಳುವುದಿಲ್ಲವಲ್ಲ, ಹಾಗೆ. ನನಗೆ ಸಿಟ್ಟು ಬಂತು. ಜ್ವರ ಬಂದಿರುವಾಗಲಾದರೂ ಮನೆಯಲ್ಲಿ ಹಿಂದಿ ಕಲಿಯುವ ಆಟ ಬೇಡ ಎಂದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ.

ಅವಳು ಕೇಳಿದ್ದು "ಉಪ್ಪು ಸಾಕಾ?" ಎಂದು. ಅದೂ ಕನ್ನಡದಲ್ಲೇ. ಎಷ್ಟೋ ದಿನಗಳಾದ ಮೇಲೆ ಅವಳೇ ಇದನ್ನು ನನಗೆ ಹೇಳಿದಳು.

ಆ ವಯಸ್ಸಿನಲ್ಲಿ ನನಗೆ ಅದು ವಿಚಿತ್ರವೆನಿಸದಿರಲು ಕಾರಣವಿತ್ತು. ದೆಹಲಿಗೆ ಬಂದಾಗಿನಿಂದ ಭಾಷೆ ನನ್ನ ಪಾಲಿಗೆ ನಿಂತ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಬಾಗಿಲ ಒಳಗೆ ಕನ್ನಡ, ಮೆಟ್ಟಿಲು ಇಳಿದರೆ ಹಿಂದಿ, ಶಾಲೆಯ ಗೇಟು ದಾಟಿದರೆ ಇಂಗ್ಲಿಷು. ತರಕಾರಿ ಗಾಡಿಯ ಭಯ್ಯಾ ಕೂಗುತ್ತಿದ್ದದ್ದು ಹಿಂದಿಯೆಂದು ತಿಳಿಯುವುದಕ್ಕೇ ನನಗೆ ಬಹಳ ದಿನ ಹಿಡಿಯಿತು. ಅದು ಯಾವ ಭಾಷೆಯಂತೆಯೂ ಇರಲಿಲ್ಲ. ಹೀಗೆ ಜಾಗಕ್ಕೊಂದು ಭಾಷೆ ಬದಲಾಗುವುದಾದರೆ ಜ್ವರಕ್ಕೂ ಒಂದು ಭಾಷೆ ಇದ್ದೀತು ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ. ಜ್ವರ ಇಳಿಯಿತು, ಕನ್ನಡ ಮರಳಿತು. ನಾನು ಆಡಿದ್ದನ್ನು ಅಮ್ಮ ಜ್ವರದ ಬಡಬಡಿಕೆ ಎಂದುಕೊಂಡಳು. ಅಪ್ಪನಿಗೆ ಹೇಳಿ ನಕ್ಕಿದ್ದಳು ಕೂಡ.

ಎರಡನೆಯ ಸಲ ಆದದ್ದು ಶಾಲೆಯಲ್ಲಿ, ಮುಂದಿನ ಬೇಸಿಗೆಗೆ. ರಜೆ ಇನ್ನೂ ಶುರುವಾಗಿರಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಬಿಸಿಲಲ್ಲಿ ಓಡಿ ಬಂದಿದ್ದೆವು, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಹಿಂದಿ ಟೀಚರ್ ಪದಗಳನ್ನು ಹೇಳಿ ಬರೆಸುತ್ತಿದ್ದರು. ಮೊದಲಿನ ಕೆಲವು ಪದ ಬರೆದೆ. ಆಮೇಲೆ ಅವರ ಬಾಯಿ ಆಡುತ್ತಿತ್ತು, ಸುತ್ತ ಮಕ್ಕಳ ಪೆನ್ಸಿಲುಗಳು ಆಡುತ್ತಿದ್ದವು, ನನಗೆ ಮಾತ್ರ ಅದೇ ಕಲಸಿದ ಶಬ್ದ. ಪಕ್ಕದವಳ ಪುಸ್ತಕ ನೋಡಿದೆ. ಟೀಚರ್ ಬಂದು ನನ್ನನ್ನು ಎಬ್ಬಿಸಿ ನಿಲ್ಲಿಸಿ ಏನೋ ಕೇಳಿದರು. ನಾನು "ಹಾಂಜೀ" ಎಂದೆ. ಕ್ಲಾಸೆಲ್ಲ ನಕ್ಕಿತು. ನಗು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು.

ಅಪ್ಪನನ್ನು ಶಾಲೆಗೆ ಕರೆಸಿದರು. ನಾನೂ ಜೊತೆಗಿದ್ದೆ. ಟೀಚರ್ ಕೆಟ್ಟವರಲ್ಲ, ನಿಜವಾಗಿಯೂ ತಲೆಕೆಡಿಸಿಕೊಂಡಿದ್ದರು. "ಈ ಹುಡುಗಿಗೆ ಬೆಳಿಗ್ಗೆ ಹಿಂದಿ ಬರುತ್ತೆ, ಮಧ್ಯಾಹ್ನ ಬರೋದಿಲ್ಲ. ಇದು ಹೇಗೆ ಅಂತ ನೀವೇ ಹೇಳಿ," ಎಂದರು. "ಅಚ್ಛಾ, ನೋಡ್ತೀನಿ," ಎಂದು ಅಪ್ಪ ಎದ್ದರು.

ಮಾರ್ಕೆಟ್ಟಿನ ಮೇಲಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರು ದೀಪ ಹಾಕಿ ಕಿವಿಯೊಳಗೆ ನೋಡಿದರು. ಆಮೇಲೆ ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದರು. ಕೋಣೆಯಲ್ಲಿ ಏಸಿ ಇತ್ತು, ತಂಪಾಗಿತ್ತು. ನಾನು ಖುಷಿಯಿಂದ ಒತ್ತಿದೆ. ಅತಿ ಸಣ್ಣ ಕೂಂ ಶಬ್ದಕ್ಕೂ ಒತ್ತಿದೆ.

"ಎಲ್ಲಾ ನಾರ್ಮಲ್," ಎಂದರು ಡಾಕ್ಟರು. "ಹೊಸ ಊರು, ಹೊಸ ಸ್ಕೂಲು. ಮಕ್ಕಳು ಹೀಗೆ ಸ್ವಲ್ಪ ನಾಟಕ ಮಾಡ್ತಾರೆ. ಗಮನ ಕೊಡಬೇಡಿ, ತಾನಾಗಿಯೇ ಬಿಡ್ತಾಳೆ."

ಬಸ್ಸಿನಲ್ಲಿ ಬರುವಾಗ ಅಪ್ಪ ಬಹಳ ಮೆಲ್ಲಗೆ ಕೇಳಿದರು, "ನಿಜ ಹೇಳು ಮರಿ, ನಿನಗೆ ಸ್ಕೂಲು ಇಷ್ಟ ಇಲ್ವಾ?"

ನನಗೆ ನಿಜ ಯಾವುದೆಂದು ಗೊತ್ತಿರಲಿಲ್ಲ. ಸ್ಕೂಲು ಇಷ್ಟವಿರಲಿಲ್ಲ, ಅದು ನಿಜ. ಮಾತು ಕೇಳಿರಲಿಲ್ಲ, ಅದೂ ನಿಜ. ಒಂದರಿಂದ ಇನ್ನೊಂದು ಆಯಿತೇ ಎಂದು ನಾನು ಕಿಟಕಿಯ ಹೊರಗೆ ನೋಡುತ್ತ ಯೋಚಿಸಿದೆ. ಡಾಕ್ಟರು ಹೇಳಿದ ಹಾಗೆ ನಾನೇ ನನಗೆ ತಿಳಿಯದಂತೆ ನಾಟಕ ಮಾಡುತ್ತಿರಬಹುದು ಎನಿಸಿತು. ಕೆಲವು ದಿನ ನಾನು ಅದನ್ನೇ ನಂಬಿದೆ. ಯಾರಾದರೂ ಮಾತಾಡಿದಾಗ, ನಾನು ಕೇಳಿಸಿಕೊಳ್ಳುತ್ತಿದ್ದೇನೋ ಅಥವಾ ಕೇಳಿಸಿಕೊಳ್ಳುವ ನಾಟಕ ಮಾಡುತ್ತಿದ್ದೇನೋ ಎಂದು ನನ್ನನ್ನೇ ಗಮನಿಸುತ್ತ ಕೂರುತ್ತಿದ್ದೆ. ಹಾಗೆ ಗಮನಿಸಲು ಹೋಗಿ ಇದ್ದ ಮಾತೂ ತಪ್ಪಿಹೋಗುತ್ತಿತ್ತು.

ನನ್ನ ಮಾತನ್ನು ನಂಬಿದವಳು ಅಮ್ಮ. ಅವಳು ನಂಬಿದ ರೀತಿಯೇ ಬೇರೆ. ಒಂದು ಸಂಜೆ ಬಟಾಣಿ ಸುಲಿಯುತ್ತ ಕುಳಿತಿದ್ದಾಗ, "ಆಗ ಹೇಗೆ ಕೇಳುತ್ತೆ? ನನಗೆ ಸರಿಯಾಗಿ ಹೇಳು," ಎಂದಳು.

"ಶಬ್ದ ಬರುತ್ತೆ. ಮಾತು ಬರಲ್ಲ."

"ಜೋರಾಗಿ ಹೇಳಿದ್ರೆ?"

"ಜೋರು ಶಬ್ದ ಬರುತ್ತೆ."

ಅಮ್ಮ ಕೈಯಲ್ಲಿದ್ದ ಬಟಾಣಿಕೋಡನ್ನು ಹಾಗೇ ಹಿಡಿದುಕೊಂಡಳು. "ನಂಗೆ ಇಲ್ಲಿ ದಿನವಿಡೀ ಹಾಗೇ ಕಣೇ," ಎಂದಳು. ಅವಳಿಗೆ ಆಗ ಇನ್ನೂ ಹಿಂದಿ ಬರುತ್ತಿರಲಿಲ್ಲ. ಅಂಗಡಿಯಲ್ಲಿ, ಮೆಟ್ಟಿಲಲ್ಲಿ, ನೀರಿನ ಟ್ಯಾಂಕಿನ ಜಗಳದಲ್ಲಿ ಜನ ಅವಳ ಮುಖದ ಮುಂದೆ ಮಾತಾಡುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು. ನಾನು ಹೇಳಿದ್ದನ್ನು ಅವಳು ಹೊಸದಾಗಿ ತಿಳಿಯಬೇಕಾಗಿರಲಿಲ್ಲ. ಅದು ಅವಳಿಗೆ ಆಗಲೇ ಗೊತ್ತಿತ್ತು. "ಇದು ನಾಟಕ ಅಲ್ಲ," ಎಂದು ಅಂದು ಅಪ್ಪನಿಗೆ ಖಚಿತವಾಗಿ ಹೇಳಿದಳು.

ಕೆಳಗಿನ ಮನೆಯಲ್ಲಿ ಒಬ್ಬ ಪಂಜಾಬಿ ಆಂಟಿ ಇದ್ದರು. ಅವರು ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಉಗುರು ನೋಡಿ, "ಕ್ಯಾಲ್ಸಿಯಂ ಕೀ ಕಮೀ ಹೈ," ಎಂದರು. ಕ್ಯಾಲ್ಸಿಯಂ ಕಡಿಮೆಯಾದರೆ ಹಲ್ಲು ಹೋಗುತ್ತದೆ, ಮೂಳೆ ಹೋಗುತ್ತದೆ, ಕಿವಿ ಹೋಗಲು ಎಷ್ಟು ಹೊತ್ತು ಎಂಬುದು ಅವರ ವಾದ. ಅಂದಿನಿಂದ ಹಾಲಿನ ಲೋಟ ದೊಡ್ಡದಾಯಿತು. ಸೀಮೆಸುಣ್ಣದ ರುಚಿಯ ಬಿಳಿ ಮಾತ್ರೆ ಶುರುವಾಯಿತು. ಊರಿನಿಂದ ರಾಗಿ ಹಿಟ್ಟು ತರಿಸಿದರು. ಇಷ್ಟಾದರೂ ಮುಂದಿನ ಜ್ವರದಲ್ಲಿ ಮಾತು ಮತ್ತೆ ಹೋಯಿತು. ಆ ಸಲ ಅಪ್ಪ ಮನೆಯಲ್ಲಿದ್ದರು. ನನ್ನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದರಂತೆ, ನಾನು ತಿರುಗಿದೆ. "ನೀರು ಬೇಕಾ, ಹಾಲು ಬೇಕಾ?" ಎಂದು ಕೇಳಿದರಂತೆ, ನಾನು ಸುಮ್ಮನೆ ನೋಡುತ್ತಿದ್ದೆ. ಮುಂದಿನ ವಾರ ಅವರು ರಜೆ ಹಾಕಿ ನನ್ನನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ಕಿವಿಯ ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ಕುಳ್ಳಗಿದ್ದರು, ಇನ್ನೂ ಚಿಕ್ಕ ವಯಸ್ಸು, ಮಾತಾಡುವಾಗ ಪೆನ್ನಿನ ಕ್ಯಾಪನ್ನು ಹಾಕುವುದು ತೆಗೆಯುವುದು ಮಾಡುತ್ತಿದ್ದರು. ಅಪ್ಪ ತಮ್ಮ ಕಚೇರಿಯ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು. ಅವರು ಪರೀಕ್ಷೆ ಮಾಡಿದರು, ಈಗಲೂ ಎಲ್ಲ ಸರಿಯಿತ್ತು. ಹಿಂದೆ ಗದ್ದಲ ಹಾಕಿ ಮಾತು ಕೇಳಿಸಿದಾಗ ಮಾತ್ರ ನಾನು ಸ್ವಲ್ಪ ತಡವರಿಸಿದೆನಂತೆ. ಆದರೆ ಅವರು ನಾಟಕ ಎನ್ನಲಿಲ್ಲ.

"ಜ್ವರ ಬಂದಾಗ ಕರೆದುಕೊಂಡು ಬನ್ನಿ. ಬರುವ ಮೊದಲು ಜ್ವರದ ಮಾತ್ರೆ ಕೊಡಬೇಡಿ. ತೀರಾ ಏರಿದರೆ ಮಾತ್ರ ಕಾಯಬೇಡಿ, ಕೊಡಿ," ಎಂದರು.

ಜ್ವರವಿದೆ ಎಂದು ಆಸ್ಪತ್ರೆಗೆ ಹೋಗುವುದು ಅಪ್ಪನಿಗೆ ಗೊತ್ತಿತ್ತು. ಜ್ವರವಿಲ್ಲ ಎಂದು ಆಸ್ಪತ್ರೆಯವರು ವಾಪಸ್ಸು ಕಳಿಸಿದ್ದು ಇದೇ ಮೊದಲು.

ಆಮೇಲೆ ನಮ್ಮ ಮನೆಯಲ್ಲಿ ನನಗೆ ಜ್ವರ ಬರುವುದನ್ನು ಕಾಯಲು ಶುರುಮಾಡಿದರು. ಅದು ಎಂಥ ಕಾಯುವಿಕೆ ಎಂದು ವಿವರಿಸುವುದು ಕಷ್ಟ. ಅಮ್ಮ ಬೆಳಿಗ್ಗೆ ಎಬ್ಬಿಸುವಾಗ ಹಣೆ ಮುಟ್ಟಿ ನೋಡುತ್ತಿದ್ದಳು. ತಣ್ಣಗಿದ್ದರೆ ಅವಳ ಮುಖದಲ್ಲಿ ನೆಮ್ಮದಿಯೂ ಕಾಣುತ್ತಿತ್ತು, ಸಣ್ಣ ನಿರಾಶೆಯೂ ಕಾಣುತ್ತಿತ್ತು. ಅದು ನನಗೆ ಕಂಡಿತೆಂದು ಅವಳಿಗೆ ಗೊತ್ತಾದಾಗ ತಟ್ಟನೆ ತಲೆ ಬಾಚಲು ಕೂರಿಸುತ್ತಿದ್ದಳು. ನೆಗಡಿಯಾದ ಮಕ್ಕಳ ಜೊತೆ ಆಡಬೇಡ ಎಂದು ಹೇಳುವುದನ್ನು ನಿಲ್ಲಿಸಿದಳು, ಆಡು ಎಂದು ಹೇಳಲೂ ಇಲ್ಲ. ನನಗಂತೂ ನಾನು ಏನು ಮಾಡಿದರೆ ಇವರಿಗೆ ಸಂತೋಷವಾಗುತ್ತದೆ ಎಂದೇ ತಿಳಿಯದಾಯಿತು. ಆರೋಗ್ಯವಾಗಿದ್ದರೆ ತಪ್ಪೋ, ಕಾಯಿಲೆ ಬಿದ್ದರೆ ತಪ್ಪೋ? ದೇವರಿಗೆ ಕೈಮುಗಿಯುವಾಗ ಏನು ಬೇಡಬೇಕೆಂದು ಗೊಂದಲವಾಗಿ ಬರೀ ಕೈಮುಗಿದು ಎದ್ದು ಬರುತ್ತಿದ್ದೆ.

ಜನವರಿಯಲ್ಲಿ ಬಂತು. ಮಂಜು ಬಿದ್ದ ಬೆಳಿಗ್ಗೆ, ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಅಮ್ಮ ಏನೋ ಹೇಳಿದಳು, ನಾನು ತಲೆ ಅಡ್ಡ ಆಡಿಸಿದೆ. ಅವಳು ಓಡಿಹೋಗಿ ಅಪ್ಪನನ್ನು ಕರೆತಂದಳು. ಇಬ್ಬರ ಮುಖದಲ್ಲೂ ಹಬ್ಬದ ದಿನದ ಗಡಿಬಿಡಿ. ಸ್ವೆಟರು, ಟೋಪಿ ಹಾಕಿ ಆಟೋ ಹತ್ತಿಸಿದರು. ಆಟೋದ ಎರಡೂ ಬದಿ ತೆರೆದಿತ್ತು. ದಾರಿಯುದ್ದಕ್ಕೂ ಚಳಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಮಂಜಿನಲ್ಲಿ ಬಸ್ಸುಗಳು ತೆವಳುತ್ತಿದ್ದವು, ಹೋಗಲು ಬಹಳ ಹೊತ್ತಾಯಿತು. ಆಸ್ಪತ್ರೆಯ ಗೇಟು ಬರುವಷ್ಟರಲ್ಲಿ ಆಟೋದವನು, "ಕಿಧರ್ ಉತಾರೂಂ, ಸಾಹಬ್?" ಎಂದು ಕೇಳಿದ.

"ಎಲ್ಲಿ ಇಳಿಸ್ಲಿ ಅಂತ ಕೇಳ್ತಿದಾನೆ, ಅಪ್ಪ," ಎಂದೆ ನಾನು.

ಅಪ್ಪ ಅಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಅಪ್ಪ ನನ್ನ ಹಣೆ ಮುಟ್ಟಿದರು. ತಣ್ಣಗಿತ್ತು. ಆದರೂ ಬಂದದ್ದಾಗಿದೆಯೆಂದು ಒಳಗೆ ಹೋದೆವು. ಡಾಕ್ಟರಮ್ಮ ಥರ್ಮಾಮೀಟರ್ ನೋಡಿ ನಕ್ಕರು. "ಗಾಳಿ ತಾಗಿ ಇಳಿದುಬಿಟ್ಟಿದೆ. ಮುಂದಿನ ಸಲ ಸುತ್ತಿಕೊಂಡು ಬನ್ನಿ," ಎಂದರು. ವಾಪಸ್ಸು ಬರುವಾಗ ಅಮ್ಮ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳು ಅಳುತ್ತಿದ್ದಳೋ, ಚಳಿಗೆ ಕಣ್ಣು ಒದ್ದೆಯಾಗಿತ್ತೋ ನನಗೆ ತಿಳಿಯಲಿಲ್ಲ.

ಮುಂದಿನ ಸಲ ಬಂದದ್ದು ಏಪ್ರಿಲ್‌ನಲ್ಲಿ. ಆಗ ದೆಹಲಿಯ ಬಿಸಿಲು ಶುರುವಾಗಿತ್ತು. ಅಂಥ ಬಿಸಿಲಿನಲ್ಲಿ ಅಪ್ಪ ನನ್ನನ್ನು ಚಳಿಗಾಲದ ದಪ್ಪ ರಜಾಯಿಯಲ್ಲಿ ಸುತ್ತಿ, ತೋಳಿನಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದರು. ಕೆಳಗಿನ ಆಂಟಿ ಬಾಗಿಲಲ್ಲಿ ನಿಂತು ಏನೋ ಕೇಳಿದರು, ಅವರ ಬಾಯಿ ದೊಡ್ಡದಾಗಿ ತೆರೆದಿತ್ತು. ಆಟೋದವನು ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದ. ರಜಾಯಿಯೊಳಗೆ ನಾನು ಬೆಂದುಹೋಗುತ್ತಿದ್ದೆ. ಹೊರಗೆ ಹಾರನ್ನುಗಳು, ಬಸ್ಸಿನ ಸದ್ದು ಎಲ್ಲ ಒಂದೇ ಕೆಸರಾಗಿ ದೂರದಿಂದ ಬರುತ್ತಿದ್ದವು. ಆಮೇಲೆ ಅದೂ ಕಡಿಮೆಯಾಯಿತು. ನನಗೆ ಆಗ ಮೊದಲ ಸಲ ಭಯವಾಯಿತು.

ಆಸ್ಪತ್ರೆಯಲ್ಲಿ ಎರಡು ಪರೀಕ್ಷೆ ಮಾಡಿದರು. ಏನು ಮಾಡುತ್ತಿದ್ದಾರೆಂದು ಆಗ ನನಗೆ ಗೊತ್ತಾಗಲಿಲ್ಲ, ಆಮೇಲೆ ಅಪ್ಪ ಹೇಳಿದ್ದು. ಮೊದಲು ಕಿವಿಯೊಳಗೆ ಒಂದು ಸಣ್ಣ ಬಿರಡೆ ಇಟ್ಟರು. ಅದು ಶಬ್ದ ಮಾಡಿ, ಕಿವಿ ತಿರುಗಿ ಮಾಡುವ ಶಬ್ದವನ್ನು ಹಿಡಿಯುತ್ತದಂತೆ. ಒಳಕಿವಿ ಚೆನ್ನಾಗಿದ್ದರೆ ಅದೂ ಒಂದು ಪ್ರತಿಧ್ವನಿ ಕೊಡುತ್ತದಂತೆ. ನನ್ನದು ಕೊಟ್ಟಿತು. ಆಮೇಲೆ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಟಿಕ್ ಟಿಕ್ ಶಬ್ದ ಬಿಟ್ಟು, ನರದಿಂದ ಮಿದುಳಿಗೆ ಸುದ್ದಿ ಹೋಗುತ್ತಿದೆಯೇ ಎಂದು ನೋಡಿದರು. ಪರದೆಯ ಮೇಲೆ ಏಳಬೇಕಾದ ಅಲೆಗಳು ಏಳಲಿಲ್ಲ. ಡಾಕ್ಟರಮ್ಮ ತಂತಿಗಳನ್ನು ಮತ್ತೆ ಅಂಟಿಸಿದರು. ಮತ್ತೆ ನೋಡಿದರು. ಅಲೆ ಇರಲಿಲ್ಲ. ಆಮೇಲೆ ಜ್ವರಕ್ಕೆ ಔಷಧಿ ಕೊಟ್ಟು, ಒದ್ದೆ ಬಟ್ಟೆಯಿಂದ ಮೈ ಒರೆಸಿ ಕಾದರು. ಮೈ ತಣಿದ ಮೇಲೆ ಅದೇ ತಂತಿ, ಅದೇ ಟಿಕ್ ಟಿಕ್. ಅಲೆಗಳು ಬಂದವು.

ಡಾಕ್ಟರಮ್ಮ ಪೆನ್ನಿನ ಕ್ಯಾಪು ತೆಗೆದು ಕಾಗದದ ಮೇಲೆ ಒಂದು ಚಿತ್ರ ಬರೆದರು. ಅಷ್ಟೊತ್ತಿಗೆ ನನಗೆ ಮಾತು ಮರಳಿತ್ತು, ಹಾಗಾಗಿ ನಾನೂ ಕೇಳಿದೆ.

"ಒಳಕಿವಿಯಲ್ಲಿ ತುದಿಗೆ ಕೂದಲಿರುವ ಕೋಶಗಳಿವೆ," ಎಂದರು. "ಶಬ್ದ ಬಂದರೆ ಕೂದಲು ಬಾಗುತ್ತದೆ. ಬಾಗಿದಾಗ ಕೋಶದ ತಳದಲ್ಲಿ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಒಳಗೆ ಪುಟ್ಟ ಪುಟ್ಟ ಚೀಲಗಳು ಕಾದಿರುತ್ತವೆ, ಅವುಗಳ ತುಂಬ ರಾಸಾಯನಿಕ. ಕ್ಯಾಲ್ಸಿಯಂ ಬಂತೆಂದರೆ ಚೀಲ ಕೋಶದ ಗೋಡೆಗೆ ಕೂಡಿಕೊಂಡು ಬಾಯಿಬಿಡುತ್ತದೆ. ರಾಸಾಯನಿಕ ಹೊರಗೆ ಬಿದ್ದು ಎದುರಿನ ನರಕ್ಕೆ ತಾಗುತ್ತದೆ. ನರಕ್ಕೆ ಶಬ್ದ ಗೊತ್ತಾಗುವುದು ಹಾಗೆ. ಇವಳಲ್ಲಿ ಮೊದಲ ಅರ್ಧ ಚೆನ್ನಾಗಿ ನಡೆಯುತ್ತಿದೆ. ಜ್ವರ ಬಂದಾಗ ಚೀಲ ಸರಿಯಾದ ಹೊತ್ತಿಗೆ ಬಾಯಿಬಿಡುತ್ತಿಲ್ಲ ಎಂದು ನನ್ನ ಅನುಮಾನ. ಕ್ಯಾಲ್ಸಿಯಂ ಬಂದದ್ದನ್ನು ಚೀಲಕ್ಕೆ ತಿಳಿಸುವ ಪ್ರೋಟೀನ್ ಒಂದಿದೆ ಎನ್ನುತ್ತಾರೆ. ಅದು ಬಿಸಿಗೆ ಕೆಲಸ ನಿಲ್ಲಿಸುತ್ತಿರಬಹುದು. ಪೂರ್ತಿ ಯಾರಿಗೂ ಇನ್ನೂ ತಿಳಿದಿಲ್ಲ."

ಅಪ್ಪ ಅಮ್ಮನ ಕಡೆ ತಿರುಗಿ ತಮಗೆ ತಿಳಿದಷ್ಟನ್ನು ಕನ್ನಡಕ್ಕೆ ತಂದರು. "ಕಿವಿಯೊಳಗೆ ಚೀಲ ಇರುತ್ತಂತೆ. ಸುಣ್ಣ ಬಂದ ತಕ್ಷಣ ಅದು ಬಾಯಿ ಬಿಡ್ಬೇಕಂತೆ. ಇವಳದ್ದು ಜ್ವರದಲ್ಲಿ ಬಿಡ್ತಿಲ್ವಂತೆ."

"ಕಿವಿಯೊಳಗೆ ಸುಣ್ಣ ಯಾಕೆ ಹೋಗುತ್ತೆ, ಮಾಮ?" ಎಂದು ಕೇಳಿದಳು ಅಮ್ಮ. "ಇನ್ನೂ ಎಷ್ಟು ಹಾಲು ಕೊಡ್ಬೇಕಂತೆ ಕೇಳು."

ಡಾಕ್ಟರಮ್ಮನಿಗೆ ಆ ಮಾತಿನಲ್ಲಿ ತಿಳಿದದ್ದು ಒಂದೇ ಪದ. "ಮಾಮಾ?" ಎಂದು ಅಪ್ಪನನ್ನು ನೋಡಿದರು. "ನೀವು ಹುಡುಗಿಯ ತಂದೆ ಅಂದುಕೊಂಡಿದ್ದೆ."

ಅಪ್ಪ ತಂದೆಯೇ. ಅಮ್ಮನಿಗೆ ಸೋದರಮಾವನೂ ಹೌದು. ಅಮ್ಮನ ತಾಯಿಯ ತಮ್ಮ ಅವರು. ನಮ್ಮ ಕಡೆ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹುಟ್ಟಿದಾಗಿನಿಂದ ಮಾಮ ಎಂದು ಕರೆದವರನ್ನು ಮದುವೆಯಾದ ಮೇಲೂ ಹಾಗೇ ಕರೆಯುತ್ತಾಳೆ. ಅಪ್ಪ ಅದನ್ನು ಹಿಂದಿಯಲ್ಲಿ ಹೇಳಿದಾಗ ಕೋಣೆಯಲ್ಲಿದ್ದ ನರ್ಸು ಕೈಯ ಕೆಲಸ ನಿಲ್ಲಿಸಿ ಅಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು. ಅಪ್ಪನ ಕಿವಿ ಕೆಂಪಾಯಿತು. ಅಮ್ಮನಿಗೆ ಏನಾಗುತ್ತಿದೆಯೆಂದು ತಿಳಿಯಲಿಲ್ಲ, ಆದರೆ ಆ ನೋಟ ತಿಳಿಯಿತು. ಅವಳು ಸೆರಗು ಸರಿಮಾಡಿಕೊಂಡಳು.

ಡಾಕ್ಟರಮ್ಮ ಮಾತ್ರ ಸಹಜವಾಗಿಯೇ ಇದ್ದರು. "ತಪ್ಪೇನಿಲ್ಲ. ಕೇಳಿದ್ದಕ್ಕೆ ಕಾರಣ ಇದೆ," ಎಂದರು. "ಪ್ರೋಟೀನಿನ ಸೂಚನೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಹೀಗಾಗುತ್ತದೆ. ಒಂದೇ ಕುಟುಂಬದವರಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ರಕ್ತ ಕೊಟ್ಟು ಹೋಗಿ, ಪರೀಕ್ಷೆಗೆ ಕಳಿಸುತ್ತೇವೆ. ಹಾಲು ಕುಡಿಯಲಿ, ಮೂಳೆಗೆ ಒಳ್ಳೆಯದು. ಕಿವಿಗೆ ಅದರಿಂದ ಏನೂ ಆಗುವುದಿಲ್ಲ. ಇವಳಲ್ಲಿ ಕ್ಯಾಲ್ಸಿಯಂಗೆ ಕೊರತೆಯೇ ಇಲ್ಲ."

ಮನೆಗೆ ಬಂದು ಅಪ್ಪ ಇದನ್ನು ಅಮ್ಮನಿಗೆ ಮತ್ತೆ ಮತ್ತೆ ಹೇಳಿದರು. ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಹೇಳುತ್ತಿದ್ದರು, ಏಕೆಂದರೆ ಅವರಿಗೂ ಪೂರ್ತಿ ತಿಳಿದಿರಲಿಲ್ಲ. ಕ್ಯಾಲ್ಸಿಯಂ ಇದೆ, ಆದರೆ ಕ್ಯಾಲ್ಸಿಯಂ ಕೆಲಸ ಮಾಡುತ್ತಿಲ್ಲ. ಇಲ್ಲ, ಕ್ಯಾಲ್ಸಿಯಂ ಕೆಲಸ ಮಾಡುತ್ತಿದೆ, ಅದರ ಮಾತು ಕೇಳುವವನು ಇಲ್ಲ. ಹಾಗಾದರೆ ಕಿವಿಗೆ ಕಿವುಡೇ? ಎಂದು ಅಮ್ಮ ಕೇಳಿದಳು. ಅಪ್ಪ ತಲೆ ಕೆರೆದುಕೊಂಡರು. ಬಿಳಿ ಮಾತ್ರೆ ನಿಲ್ಲಲಿಲ್ಲ. ಏನಾದರೂ ಕೊಡುತ್ತಿದ್ದೇನೆ ಎಂಬುದೇ ಅವಳಿಗೆ ಬೇಕಾಗಿತ್ತು ಎಂದು ಈಗ ತೋರುತ್ತದೆ.

ಆಗ ಅವಳು ಬಸುರಿ. ಆಸ್ಪತ್ರೆಯಲ್ಲಿ ಅದನ್ನು ಅವಳು ಹೇಳಿರಲಿಲ್ಲ, ಅಪ್ಪನಿಗೂ ಇನ್ನೂ ಹೇಳಿರಲಿಲ್ಲ. ಹೇಳಿದ ಮೇಲೆ ಅಪ್ಪ ಡಾಕ್ಟರಮ್ಮನನ್ನು ಮತ್ತೊಮ್ಮೆ ಕಂಡು ಕೇಳಿಕೊಂಡು ಬಂದರು. "ಈ ಮಗುಗೂ ಬರಬಹುದು, ಬರದೇ ಇರಬಹುದು. ಬರದಿರೋ ಸಾಧ್ಯತೆಯೇ ಹೆಚ್ಚು ಅಂದ್ರು," ಎಂದು ಅಮ್ಮನಿಗೆ ಹೇಳಿದರು. ಅಮ್ಮ, "ಇವಳಿಗೂ ಬರದಿರೋ ಸಾಧ್ಯತೆಯೇ ಹೆಚ್ಚಿತ್ತಲ್ಲ," ಎಂದಳು.

ತಂಗಿ ಹುಟ್ಟಿದಳು. ಗುಂಡಗೆ, ಬಹಳ ಗಟ್ಟಿ ಗಂಟಲು. ನಾವು ಚಪ್ಪಾಳೆ ತಟ್ಟಿದರೆ ತಿರುಗುತ್ತಿದ್ದಳು. ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ, ನಾನೂ ಜ್ವರವಿಲ್ಲದಾಗ ತಿರುಗುತ್ತಿದ್ದೆ. ಇನ್ನು ಅವಳ ಜ್ವರ ಕಾಯುವ ಸರದಿ. ಮೊದಲ ಜ್ವರ ಬಂದಾಗ ಅಮ್ಮ ಅವಳ ಬೆನ್ನ ಹಿಂದೆ ಕೂತು ಕರೆದಳು. ತಂಗಿ ತಿರುಗಲಿಲ್ಲ. ಅಮ್ಮ ಮತ್ತೆ ಕರೆದಳು. ಅಷ್ಟರಲ್ಲಿ ತಂಗಿ ತಿರುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಕೇಳಿ ತಿರುಗಿದಳೋ, ಸುಮ್ಮನೆ ತಿರುಗಿದಳೋ? ಅಪ್ಪ ಒಂದು ಪಾತ್ರೆ ಬಡಿದರು. ತಂಗಿ ಬೆಚ್ಚಿದಳು. ಪಾತ್ರೆಯ ಸದ್ದಿಗೆ ನಾನೂ ಬೆಚ್ಚುತ್ತಿದ್ದೆನಲ್ಲ. ಮಾತೇ ಬಾರದ ಮಗುವಿಗೆ ಮಾತು ಅರ್ಥವಾಗುತ್ತಿದೆಯೇ ಎಂದು ಹೇಗೆ ಕೇಳುವುದು? ಎಲ್ಲರೂ ನನ್ನ ಕಡೆ ನೋಡಿದರು, ಅದು ಹೇಗಿರುತ್ತದೆಂದು ಬಲ್ಲವಳು ನಾನೊಬ್ಬಳೇ ಎನ್ನುವಂತೆ.

ಆಸ್ಪತ್ರೆಗೆ ಹೋದೆವು. ತಂಗಿ ಮಲಗಿದ್ದಾಗ ತಂತಿ ಅಂಟಿಸಿದರು. ಮೈ ಕೆಂಡದಂತಿತ್ತು. ನಾನು ಅಮ್ಮನ ಪಕ್ಕ ನಿಂತು ಪರದೆ ನೋಡುತ್ತಿದ್ದೆ. ಗೆರೆ ಸ್ವಲ್ಪ ಹೊತ್ತು ನಡುಗಿತು, ಆಮೇಲೆ ಅಲೆಗಳು ಒಂದರ ಹಿಂದೊಂದು ಎದ್ದವು. ಡಾಕ್ಟರಮ್ಮ, "ಬಿಲ್ಕುಲ್ ಠೀಕ್ ಹೈ," ಎಂದರು. ಅಷ್ಟು ಹಿಂದಿ ಅಮ್ಮನಿಗೆ ಆಗ ಬರುತ್ತಿತ್ತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನನಗೆ ಸಂತೋಷವಾಯಿತು. ಅದು ಸುಳ್ಳಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಆಯಿತು, ಅದಕ್ಕೆ ಏನು ಹೆಸರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಂಗಿಗೆ ಹೀಗಾದರೆ ಇಬ್ಬರೂ ಸೇರಿ ಜ್ವರದಲ್ಲಿ ಕೈಸನ್ನೆಯಲ್ಲಿ ಮಾತಾಡಬಹುದು ಎಂದು ನಾನು ಒಳಗೊಳಗೇ ಏನೇನೋ ಯೋಚಿಸಿಕೊಂಡಿದ್ದೆನೇ? ಹಾಗೆ ಬಯಸಿದ್ದೆನೆಂದು ಹೇಳಲಾರೆ. ಬಯಸಿರಲಿಲ್ಲ ಎಂದೂ ಹೇಳಲಾರೆ. ಆಸ್ಪತ್ರೆಯ ಹೊರಗೆ ಅಪ್ಪ ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದರು. ನಾನು ಗ್ಲಾಸು ಹಿಡಿದು ನಿಂತಿದ್ದೆ, ಅಮ್ಮ, "ಯಾಕೆ, ಕುಡಿ," ಎಂದಳು. ಅದು ಸ್ಪಷ್ಟವಾಗಿ ಕೇಳಿಸಿತು.

ರಕ್ತದ ಫಲಿತಾಂಶ ಬಂದದ್ದು ಬಹಳ ಕಾಲದ ಮೇಲೆ. ಡಾಕ್ಟರಮ್ಮನ ಅನುಮಾನವೇ ನಿಜವಾಗಿತ್ತು: ಅದೇ ಪ್ರೋಟೀನು, ಅಪ್ಪನಿಂದಲೂ ಅಮ್ಮನಿಂದಲೂ. ಔಷಧಿಯಿಲ್ಲ, ಜ್ವರ ಏರಲು ಬಿಡಬೇಡಿ, ಬಿಸಿಲಲ್ಲಿ ತಿರುಗಿಸಬೇಡಿ ಎಂದರು. ಅಷ್ಟು ಹೊತ್ತಿಗೆ ನಾವದನ್ನು ಕಲಿತಾಗಿತ್ತು. ಮನೆ ಹತ್ತಿರ ಮೆಟ್ರೋ ಬಂದಿತ್ತು, ಅದರ ತಂಪು ಬೋಗಿಯಲ್ಲಿ ನನ್ನ ಕಿವಿ ಕೈಕೊಡುತ್ತಿರಲಿಲ್ಲ. ಬೋರ್ಡ್ ಪರೀಕ್ಷೆಗೆ ಅಪ್ಪ ಡಾಕ್ಟರ ಚೀಟಿ ತಂದುಕೊಟ್ಟರು, ನನ್ನನ್ನು ಕೂಲರಿನ ಪಕ್ಕ ಕೂರಿಸಿದರು. ಅಮ್ಮ ತರಕಾರಿಯವನ ಜೊತೆ ಹಿಂದಿಯಲ್ಲಿ ಜಗಳವಾಡುವಷ್ಟು ಬೆಳೆದಳು.

ಹನ್ನೆರಡನೇ ಕ್ಲಾಸು ಮುಗಿದ ಮೇಲೆ ನಾನು ಗ್ರೇಟರ್ ನೋಯ್ಡಾದ ಒಂದು ಕಾಲೇಜಿಗೆ ಬಯೋಟೆಕ್ನಾಲಜಿ ಓದಲು ಸೇರಿದೆ. ಒಂದು ದಿನ ಪ್ರೊಫೆಸರು ಕ್ಲಾಸಿನಲ್ಲಿ, ನರವನ್ನಿಟ್ಟ ದ್ರವದಿಂದ ಕ್ಯಾಲ್ಸಿಯಂ ತೆಗೆದುಬಿಟ್ಟರೆ ನರ ಮಿಡಿಯುತ್ತದೆ, ಆದರೆ ತುದಿಯಿಂದ ಏನೂ ಹೊರಬೀಳುವುದಿಲ್ಲ ಎಂದು ವಿವರಿಸುತ್ತಿದ್ದರು. ನಾನು ಎದ್ದು ನಿಂತು, "ಸರ್, ಕ್ಯಾಲ್ಸಿಯಂ ಇದ್ದು, ಅದನ್ನು ಗುರುತಿಸುವುದು ಇಲ್ಲದಿದ್ದರೆ?" ಎಂದೆ.

"ಆಗಲೂ ಹೊರಬೀಳುವುದಿಲ್ಲ. ಅಥವಾ ಹೊತ್ತು ತಪ್ಪಿ ಅಷ್ಟಿಷ್ಟು ಬೀಳಬಹುದು," ಎಂದರು ಅವರು. ಆಮೇಲೆ ಇನ್ನೊಂದು ಹೇಳಿದರು. ಕಿವಿಯ ಕೋಶದಲ್ಲಿ ನಿಶ್ಶಬ್ದದಲ್ಲೂ ಕ್ಯಾಲ್ಸಿಯಂ ತೊಟ್ಟು ತೊಟ್ಟಾಗಿ ಒಳಬರುತ್ತಿರುತ್ತದೆ, ಚೀಲಗಳು ಅಲ್ಲೊಂದು ಇಲ್ಲೊಂದು ಬಾಯಿಬಿಡುತ್ತಲೇ ಇರುತ್ತವೆ. ಶಬ್ದ ಬಂದಾಗ ಅದು ಏರುತ್ತದೆ, ಶಬ್ದದ ತಾಳಕ್ಕೆ ಸರಿಯಾಗಿ ಏರಿಳಿಯುತ್ತದೆ.

ಹೊತ್ತು ತಪ್ಪಿ ಎಂಬ ಮಾತನ್ನು ಹಿಡಿದುಕೊಂಡು ನಾನು ಹಾಸ್ಟೆಲ್ಲಿಗೆ ಬಂದೆ. ದನಿ ಬಂದು ಮಾತು ಬಾರದಿದ್ದದ್ದು ಅದಕ್ಕೇ ಇರಬೇಕು. ಅಷ್ಟಿಷ್ಟು ಚೀಲ ಬಾಯಿಬಿಡುತ್ತಿದ್ದವು, ತಾಳ ತಪ್ಪಿ. ಇದು ತಿಳಿದ ಮೇಲೆ ಎಲ್ಲ ಬಿಡಿಸಿದಂತಾಗಬೇಕಿತ್ತು. ಆಗಲಿಲ್ಲ. ಆ ಮೊದಲ ವರ್ಷಗಳಲ್ಲಿ ನಾನು ತಪ್ಪಿಸಿಕೊಂಡ ಮಾತುಗಳಲ್ಲಿ ಕಿವಿಯ ಪಾಲೆಷ್ಟು, ಗೊತ್ತಿಲ್ಲದ ಹಿಂದಿಯ ಪಾಲೆಷ್ಟು, ಬೇಡವೆಂದು ನಾನೇ ಕೇಳಿಸಿಕೊಳ್ಳದೆ ಬಿಟ್ಟದ್ದೆಷ್ಟು? ಅದನ್ನು ಬೇರೆ ಮಾಡಿಕೊಡುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಬಿಸಿಲಲ್ಲಿ ಯಾರಾದರೂ ಮಾತಾಡಿಸಿ ನನಗೆ ತಿಳಿಯದೆ ಹೋದರೆ, ಇದು ಕಿವಿ ಮಾಡಿದ್ದೋ, ನಾನು ಬೇರೇನೋ ಯೋಚಿಸುತ್ತಿದ್ದೆನೋ ಎಂದು ಈಗಲೂ ಅನುಮಾನ ಬರುತ್ತದೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಜ್ವರ ಹತ್ತಿತು. ನಾನು ಮನೆಗೆ ಬಂದೆ. ಬಾಗಿಲು ತೆಗೆದದ್ದು ತಂಗಿ. ಆಗಲೇ ಎರಡನೇ ಕ್ಲಾಸಿನಲ್ಲಿದ್ದಳು, ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸುವ ಮಾತುಗಾತಿ, ಒಂದು ನಿಮಿಷ ಬಾಯಿ ಮುಚ್ಚುವವಳಲ್ಲ. ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಕುರ್ಚಿ ಎಳೆದು ತಂದು, ಹತ್ತಿ ನಿಂತು, ನನ್ನ ಹಣೆ ಮುಟ್ಟಿ ನೋಡಿದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿಕೊಟ್ಟಿರಲಿಲ್ಲ. ಆಮೇಲೆ ಕುರ್ಚಿಯಿಂದ ಇಳಿದು, ಒಂದು ಮಾತೂ ಆಡದೆ, ನನ್ನ ಬೆರಳು ಹಿಡಿದು ಮಂಚದ ಕಡೆ ಎಳೆದುಕೊಂಡು ಹೋದಳು.